ಜೋಡಿಯಿಲ್ಲದ್ದು

ಬೈತಖೋಲದ ಧಕ್ಕೆಯಲ್ಲಿ ಬೆಳಗಿನ ಐದೂವರೆಗೆ
ಖಾಲಿ ಬುಟ್ಟಿ ಮಗುಚಿ ಅದರ ಮೇಲೆ ಕೂತು
ಶೇವಂತಿ ಮಾವಶಿ ಕೇಳಿದಳು:
ಏನದು, ನೀನು ಇಷ್ಟು ವರ್ಷ ಓದಿದ್ದು?
ಬಂಗಡೆ ಲೆಕ್ಕದಲ್ಲಿ ಹೇಳು.

ಹೇಳಿದೆ.
ಮೈಯೊಳಗಿನ ನೀರಿನ ಕಣಕಣದ ಬೀಜದಲ್ಲೂ
ಒಂದು ಸಣ್ಣ ಸೂಜಿಗಲ್ಲು.
ಸ್ಕ್ಯಾನಿಂಗ್ ಯಂತ್ರದ ದೊಡ್ಡ ಸೂಜಿಗಲ್ಲಿನೊಳಗೆ ಮಲಗಿಸಿದರೆ
ಅರ್ಧ ಮೇಲಕ್ಕೆ ಮುಖ ಮಾಡುತ್ತವೆ, ಅರ್ಧ ಕೆಳಕ್ಕೆ.
ಹರಾಜಿನಲ್ಲಿ ಅರ್ಧ ಜನ ಹೂಂ, ಅರ್ಧ ಜನ ಊಹೂಂ ಅಂದ ಹಾಗೆ,
ಗದ್ದಲ ಬೇಕಾದಷ್ಟು, ದರ ಮಾತ್ರ ಏಳುವುದಿಲ್ಲ.
ಲಕ್ಷಕ್ಕೆ ಒಂದು, ಒಂದೇ ಒಂದು, ಮೇಲಿನ ಕಡೆ ಹೆಚ್ಚಿಗೆ.
ಆ ಒಂದರ ದನಿಯೇ ನಮ್ಮ ಚಿತ್ರ.

ಲಕ್ಷಕ್ಕೆ ಒಂದು? ಮಾವಶಿ ಎಲೆಗೆ ಸುಣ್ಣ ಸವರಿದಳು.
ಅಷ್ಟಕ್ಕೆ ಬಲೆ ಬೀಸುವವರು ನೀವೊಬ್ಬರೇ ಇರಬೇಕು.

ಅದಕ್ಕೇ ಎಲೆಕ್ಟ್ರಾನು.
ಅದರ ಸೂಜಿಗಲ್ಲು ಆರುನೂರ ಐವತ್ತೆಂಟು ಪಟ್ಟು ಜೋರು.
ಆದರೆ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಸಂಸಾರ ಹೂಡಿ
ಒಂದರ ಬಲ ಇನ್ನೊಂದರಲ್ಲಿ ಕಳೆದು ಸೊನ್ನೆ.
ನಮಗೆ ಬೇಕಾದದ್ದು ಜೋಡಿಯಿಲ್ಲದ್ದು.
ಅಂಥ ಒಂಟಿ ಇರುವ ಪುಡಿಯನ್ನು ಚಿಟಿಕೆ ಬೆರೆಸಿ ಹೆಪ್ಪುಗಟ್ಟಿಸಬೇಕು,
ನಿನ್ನ ಐಸಿನ ಪೆಟ್ಟಿಗೆಯಷ್ಟಲ್ಲ, ಇನ್ನು ಇಳಿಯಲಾಗದ ತಳವಿದೆಯಲ್ಲ,
ಅದಕ್ಕಿಂತ ಒಂದೇ ಡಿಗ್ರಿ ಮೇಲೆ.
ಅಲ್ಲಿ ಒಂಟಿಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತವೆ,
ಬಂಡೆಯ ಮೇಲೆ ಗಾಳಿಗೆದುರು ನಿಂತ ಕಡಲಕಾಗೆಗಳು.
ಬೀಜಗಳಿಗೆ ಇನ್ನೂ ಅದರ ಪರಿವೆಯಿಲ್ಲ.

ಆಮೇಲೆ ಮೈಕ್ರೋವೇವ್.
ಎಲೆಕ್ಟ್ರಾನಿನ ಸ್ವಂತ ಶ್ರುತಿಗೆ ಅಲ್ಲ,
ಬೀಜದ ಶ್ರುತಿಯಷ್ಟೇ ಓರೆಯಾಗಿ ಕೂಗಬೇಕು.
ಆಗ ನಿಯಮದ ಪುಸ್ತಕ ಬೇಡವೆಂದ ಬಾಗಿಲು
ಒಂದೆಳೆಯಷ್ಟು ತೆರೆದು
ಎಲೆಕ್ಟ್ರಾನು ಮಗುಚುವಾಗ ಪಕ್ಕದ ಬೀಜವೂ ಮಗುಚುತ್ತದೆ,
ಒಂದೇ ಉಸಿರಲ್ಲಿ.
ಎಲೆಕ್ಟ್ರಾನು ಚುರುಕು, ಕೂಡಲೇ ನೆಟ್ಟಗಾಗಿ ಇನ್ನೊಂದಕ್ಕೆ ಕೈ ಚಾಚುತ್ತದೆ.
ಬೀಜ ನಿಧಾನಿ. ಸಿಕ್ಕಿದ್ದನ್ನು ಬೇಗ ಬಿಡುವುದಿಲ್ಲ.

ಇನ್ನೊಂದು ದಾರಿ ನಿನಗೆ ಗೊತ್ತಿರುವುದೇ.
ಇಬ್ಬರು ಒಂಟಿ ಹೆಂಗಸರು ಅಕ್ಕಪಕ್ಕ ಕೂತಿದ್ದಾರೆ.
ಒಬ್ಬಳ ಬುಟ್ಟಿ ಮುನ್ನೂರ ಇಪ್ಪತ್ತು, ಇನ್ನೊಬ್ಬಳದು ಮುನ್ನೂರು.
ಬುಟ್ಟಿ ಅದಲುಬದಲಾದಾಗ ನಡುವೆ ಉಳಿದ ಇಪ್ಪತ್ತು
ಕಾಲಬುಡದಲ್ಲಿ ಕೂತ ಮಗುವಿಗೆ.
ಮಗು ಕೇಳಿದ್ದೂ ಇಪ್ಪತ್ತೇ ಆಗಿರಬೇಕು,
ಹತ್ತೊಂಬತ್ತಾದರೆ ವ್ಯಾಪಾರವೇ ಕುದುರದು.
ಆ ಮಗು ಪಕ್ಕದ ಮಗುವಿಗೆ, ಅದು ಅದರಾಚೆಯದಕ್ಕೆ,
ರಂಪಣಿಯ ಹಗ್ಗ ಕೈಯಿಂದ ಕೈಗೆ ದಾಟಿದ ಹಾಗೆ.

ನಾನೂ ಸುಭದ್ರಿಯೂ ನಿನ್ನ ಫೀ ಕಟ್ಟಿದ್ದು ಹಾಗೇ ಅಲ್ಲವಾ,
ಅಂದಳು ಮಾವಶಿ. ಎಲೆ ಉಗಿದಳು. ಮುಂದೆ?

ಮುಂದೆ ಓಟ.
ಕುದಿನೀರು ಸುರಿದು ಕರಗಿಸಿ ರೋಗಿಯ ನರಕ್ಕೆ ಸೇರಿಸಲು
ಒಂದು ನಿಮಿಷವೂ ಪೂರ್ತಿ ಇಲ್ಲ.
ಹತ್ತು ಸಾವಿರ ಪಟ್ಟು ಏರಿದ ದನಿ
ನೀನು ಎಣಿಸುತ್ತ ಕೂತರೆ ಎಣಿಕೆಯ ಜೊತೆಗೇ ಇಳಿಯುತ್ತದೆ.
ತಾರ್ಲೆ, ಅಂದಳು ಮಾವಶಿ.
ಹೌದು, ತಾರ್ಲೆಯೇ. ಬಿಸಿಲೇರುವ ಮೊದಲು ಪೇಟೆ ಮುಟ್ಟಬೇಕು.

ಒಂದು ಹಂತ ಮಾತ್ರ ನಾನು ಹೇಳಲಿಲ್ಲ.
ಕರಗಿಸಿದ ಮೇಲೆ, ಚುಚ್ಚುವ ಮೊದಲು,
ಆ ಒಂಟಿಯ ಪುಡಿಯನ್ನು ಸೋಸಿ ತೆಗೆಯುತ್ತೇವೆ.
ಮೈಗೆ ಒಳ್ಳೆಯದಲ್ಲ, ಪಕ್ಕದಲ್ಲೇ ಇದ್ದರೆ
ಕೊಟ್ಟದ್ದನ್ನು ತಾನೇ ಕೆಡಿಸುತ್ತದೆ, ಎಂದು ಬರೆದಿದೆ.
ಸೋಸಿದ್ದು ಸಾಲದೆ ಅಳೆದೂ ನೋಡುತ್ತೇವೆ,
ಲವಲೇಶವೂ ಉಳಿದಿಲ್ಲ ತಾನೇ ಎಂದು.

ನನ್ನ ಮದುವೆಯಲ್ಲಿ ಅರಿಸಿನ ಹಚ್ಚುವ ಹೊತ್ತಿಗೆ
ಯಾರೋ ಅಂದರು, ಗಂಡ ಸತ್ತವಳು ಈಗ ಒಳಗೆ ಬೇಡ.
ನನಗೆ ಕೇಳಿಸಿತು. ಮಣೆಯ ಮೇಲೆ ಕೂತೇ ಇದ್ದೆ.
ಹಿತ್ತಲಲ್ಲಿ ಮಾವಶಿ ಇನ್ನೂರು ತೆಂಗಿನಕಾಯಿ ತುರಿಯುತ್ತಿದ್ದಳು,
ಈಳಿಗೆಯ ಸದ್ದು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

ಹರಾಜಿನವನು ಕೂಗಿದ. ಅವಳೆದ್ದು ಬುಟ್ಟಿ ತುಂಬಿಸಿಕೊಂಡಳು,
ತಲೆಗೆ ಸಿಂಬಿ ಇಟ್ಟು ನನ್ನ ಕಡೆ ತಿರುಗಿ, ಎತ್ತು, ಅಂದಳು.
ಎತ್ತಿದೆ. ಎರಡೂ ಕೈ ಬೇಕಾದವು.
ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ
ಅವಳು ರಸ್ತೆಯ ತಿರುವಿನಲ್ಲಿದ್ದಳು,
ಐಸು ಕರಗಿದ ನೀರು ಬೆನ್ನುದ್ದಕ್ಕೂ ಇಳಿಯುತ್ತ.